ದಂತದ ಹಿಂಬದಿಯ ಬಣ್ಣ

ದುಂಡಪ್ಪ ಕಾಕಾ ಚಿತ್ರ ಬರೆಯುವಾಗ ಉಸಿರು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಬಿಟ್ಟರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಈ ವಿಷಯದಲ್ಲಿ ಅವರು ದೊಡ್ಡವರು ಸಣ್ಣವರು ಎಂದು ಭೇದ ಮಾಡಿದವರಲ್ಲ. ಒಮ್ಮೆ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯ ಸಾಹೇಬರೊಬ್ಬರು ತಮ್ಮ ಅಜ್ಜಿಯ ಹಳೆಯ ದಂತಚಿತ್ರವನ್ನು ರಿಪೇರಿಗೆ ಕೊಟ್ಟಿದ್ದರು. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದವರು ಕಾಕಾನ ಭುಜದ ಮೇಲಿಂದ ಬಾಗಿ, ಪಾಪ, ಸೀನಿಬಿಟ್ಟರು. ಅವರ ಕನ್ನಡಕ ನನ್ನ ಸ್ಟುಡಿಯೊದ ಬಾಗಿಲವರೆಗೆ ಹಾರಿ ಬಂತು. "ನಿಮ್ಮಜ್ಜಿ ಕಣ್ಣಾಗ ಉಗುಳಿದ್ರಲ್ರಿ," ಎಂದರು ಕಾಕಾ, ತಲೆ ಎತ್ತದೆ. ಸಾಹೇಬರು ಕನ್ನಡಕ ಎತ್ತಿಕೊಂಡು, ಕೆನ್ನೆ ಸವರಿಕೊಂಡು, ತಾವೇ ಕ್ಷಮೆ ಕೇಳಿ ಹೋದರು.

ಆನೆದಂತದ ಮೇಲೆ ಮುಖ ಬರೆಯುವುದು ಅಂಥ ಕೆಲಸ. ವೀಳ್ಯದೆಲೆಯಷ್ಟು ತೆಳುವಾಗಿ ಸೀಳಿದ ಬಿಲ್ಲೆ, ಹೆಬ್ಬೆರಳಿನ ತುದಿಗಿಂತ ತುಸು ದೊಡ್ಡದು. ಬಣ್ಣ ಅದರೊಳಗೆ ಇಳಿಯುವುದಿಲ್ಲ, ಮೇಲೆಯೇ ಕೂತಿರುತ್ತದೆ. ಒಂದು ಹನಿ ನೀರು ಬಿದ್ದರೆ ಮುಖ ಹೋಯಿತು. ಅದಕ್ಕೇ ಕುಂಚದಲ್ಲಿ ತೇವ ಇದೆಯೋ ಇಲ್ಲವೋ ಅನ್ನುವ ಹಾಗೆ, ಅಳಿಲಿನ ಕೂದಲಿನ ತುದಿಯಿಂದ ಚುಕ್ಕೆಯ ಪಕ್ಕ ಚುಕ್ಕೆ ಇಡುತ್ತ ಹೋಗಬೇಕು. ಹಣೆಗೆ, ಕೆನ್ನೆಗೆ ಬಣ್ಣವನ್ನೇ ಹಚ್ಚುವುದಿಲ್ಲ. ದಂತದ ಸ್ವಂತ ಹೊಳಪೇ ಅಲ್ಲಿ ಚರ್ಮ. "ಮಾರಿ ಬರಿಯೂದಲ್ಲ ಬೇ, ಮಾರಿ ಬಿಡೂದು. ಎಷ್ಟ ಬಿಡ್ತಿ ಅಷ್ಟ ಜೀವ ಬರ್ತೈತಿ," ಎಂದು ಕಾಕಾ ನನಗೆ ಹೇಳುತ್ತಿದ್ದರು. ಹೀಗೆ ಹೇಳುವಾಗ ಅವರ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಈಗಷ್ಟೇ ಯಾರನ್ನೋ ಬೈದು ಅಟ್ಟಿದ ಬಾಯಿ ಇದೇನಾ ಅನ್ನಿಸುತ್ತಿತ್ತು.

ನಾನು ಜಮಖಂಡಿಯಲ್ಲಿ ಫೋಟೊ ಸ್ಟುಡಿಯೊ ನಡೆಸುವವಳು. ಅಪ್ಪನ ಕಾಲದಿಂದಲೂ ಸ್ಟುಡಿಯೊದ ಹಿಂದಿನ ಕೋಣೆ ಕಾಕಾನದು. ಅವರ ಅಜ್ಜ ಸಂಸ್ಥಾನದ ಕಾಲದಲ್ಲಿ ಅರಮನೆಯವರ ಮುಖಗಳನ್ನು ದಂತದ ಮೇಲೆ ಬರೆದವರು. ಅಜ್ಜ ಬಿಟ್ಟುಹೋದ ಬಿಲ್ಲೆಗಳು ಒಂದು ತಗಡಿನ ಡಬ್ಬಿಯಲ್ಲಿದ್ದವು. ದಂತದ ವ್ಯಾಪಾರ ಅಪರಾಧವಾದ ಮೇಲೆ ಹೊಸದು ಬರುವ ಮಾತೇ ಇರಲಿಲ್ಲ. ಹಾಗಾಗಿ ಕಾಕಾ ಹಳೆಯ ಮನೆತನಗಳ ಚಿತ್ರಗಳನ್ನು ರಿಪೇರಿ ಮಾಡುತ್ತಿದ್ದರು, ಹೊಸದು ಕೇಳಿದವರಿಗೆ ಎಮ್ಮೆಯ ಎಲುಬಿನ ಮೇಲೆ ಬರೆದುಕೊಡುತ್ತಿದ್ದರು. ಎಲುಬಿನ ಮೇಲೆ ಬರೆಯುವ ದಿನ ಅವರ ಸಿಟ್ಟು ಇನ್ನೂ ಒಂದು ಕೈ ಮೇಲೆ.

ಸೊಟ್ಟಾದ ಬಿಲ್ಲೆಯನ್ನು ಕಾಗದದ ನಡುವೆ ಇಟ್ಟು ಅದರ ಮೇಲೆ ಬೆಚ್ಚಗಿನ ಹಿತ್ತಾಳೆ ಇಸ್ತ್ರಿ ಇಡುವುದು ಅವರ ಪದ್ಧತಿ. ಕೆಂಡ ತುಂಬುವ ಹಳೆಯ ಇಸ್ತ್ರಿ, ಎತ್ತಲು ಎರಡು ಕೈ ಬೇಕು. ಹಾಲಿನವನು ಒಂದು ದಿನ ಒಳಗೆ ಇಣುಕಿ, "ಭಾಳ ಛಲೋ ಬರದೀರಿ ಕಾಕಾರ, ಥೇಟ್ ಫೋಟೊ ಇದ್ಹಾಂಗ ಐತಿ," ಎಂದ. ಇಸ್ತ್ರಿ ಹಾರಿತು. ಹಾಲಿನವನು ಬಗ್ಗಿದ್ದರಿಂದ ಉಳಿದ. ನನ್ನ ಬಾಗಿಲಿನ ಚೌಕಟ್ಟಿನಲ್ಲಿ ಅದರ ಗುರುತು ಈಗಲೂ ಇದೆ. ಫೋಟೊ ತೆಗೆದು ಹೊಟ್ಟೆ ಹೊರೆಯುವ ನಾನು ಅಲ್ಲೇ ಕೂತಿದ್ದೆ ಎನ್ನುವುದು ಕಾಕಾನಿಗೆ ಲೆಕ್ಕಕ್ಕೇ ಬರಲಿಲ್ಲ.

ಇನ್ನೊಮ್ಮೆ ತಿಮ್ಮಾಪುರದ ಕಡೆಯ ಗೌಡರೊಬ್ಬರು ತಮ್ಮ ಬೇಟೆ ನಾಯಿಯನ್ನು ಜೀಪಿನಲ್ಲಿ ಕರೆತಂದರು. ನಾಯಿಯ ಪಕ್ಕ ತಾವು ನಿಂತ ಹಾಗೆ ಚಿತ್ರ ಬೇಕಿತ್ತು. ಚಿತ್ರ ಮುಗಿದಾಗ ನಾಯಿಯ ಸಪೂರ ಮೂತಿ, ಉದ್ದನೆಯ ಕಾಲು, ಎದೆಗೂಡಿನ ಎಲುಬುಗಳ ನೆರಳು ಎಲ್ಲ ಬಂದಿತ್ತು. ಗೌಡರ ತಲೆಯ ಪಟಗ, ಮೀಸೆ, ಹೆಗಲ ಮೇಲಿನ ಶಲ್ಯವೂ ಬಂದಿತ್ತು. ಪಟಗಕ್ಕೂ ಮೀಸೆಗೂ ನಡುವೆ ಮಾತ್ರ ಏನೂ ಇರಲಿಲ್ಲ, ಬರೀ ಎಲುಬು. "ನಾಯಿ ಮಾರ್ಯಾಗ ಏನೋ ಇತ್ತು, ಬರದೆ. ನಿಮ್ಮ ಮಾರ್ಯಾಗ ಹುಡುಕಿದೆ, ಏನೂ ಸಿಗಲಿಲ್ಲರಿ," ಎಂದರು ಕಾಕಾ. ಗೌಡರು ಬಡಿಗೆ ಎತ್ತಿದರು. ಕಾಕಾ ಅದನ್ನು ಕಸಿದು ಅವರ ಬಾಯಿಗೇ ಹೊಡೆದರು. ಗೌಡರ ಹಲ್ಲು ನನ್ನ ಟ್ರೈಪಾಡಿನ ಬುಡದಲ್ಲಿ ಸಿಕ್ಕಿತು. ಇಷ್ಟೆಲ್ಲ ನಡೆಯುವಾಗ ನಾಯಿ ಬಾಗಿಲ ಬಿಸಿಲಲ್ಲಿ ಆರಾಮಾಗಿ ಮಲಗಿತ್ತು. ಊರಿನವರು ಈ ಕಥೆಯನ್ನು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. ಚಹಾದ ಅಂಗಡಿಯಲ್ಲಿ ಗೌಡರಾಗಿ ಒಬ್ಬರು, ಕಾಕಾ ಆಗಿ ಒಬ್ಬರು ನಟಿಸಿ ತೋರಿಸುತ್ತಿದ್ದರು. ನಮಗೆ ಕಾಕಾನ ಸಿಟ್ಟು ಅಂದರೆ ಪುಕ್ಕಟೆ ಸಿನಿಮಾ.

ನನಗೆ ಕಾಕಾ ಅಂದರೆ ಪ್ರಾಣ. ಅಪ್ಪ ತೀರಿಕೊಂಡಾಗ ಹೆಣ್ಣುಮಗಳು ಸ್ಟುಡಿಯೊ ನಡೆಸುವುದು ಹೇಗೆ ಎಂದು ಮಾತಾಡುವವರೇ ಎಲ್ಲ. ಕಾಕಾ ಇಸ್ತ್ರಿ ತಂದು ಹೊಸ್ತಿಲ ಮೇಲೆ ಇಟ್ಟುಕೊಂಡು ಕೂತರು. "ಯಾವ ಮಗ ಏನಂತಾನ, ನನ್ನ ಮುಂದ ಬಂದು ಅನ್ಲಿ." ಯಾರೂ ಬರಲಿಲ್ಲ. ಬೆಳಕು ನೋಡುವುದನ್ನು ನನಗೆ ಕಲಿಸಿದವರೂ ಅವರೇ. ಮದುಮಗಳ ಮುಖದ ಮೇಲೆ ನಾನು ದೀಪ ಜಾಸ್ತಿ ಬಿಟ್ಟರೆ ಹಿಂದಿನಿಂದ ತಲೆಗೆ ಮೊಟಕುತ್ತಿದ್ದರು. ಮೊಟಕಿದ್ದು ನೋಯುತ್ತಿತ್ತು, ನಿಜ. ಆದರೆ ನಾನು ನಗುತ್ತಿದ್ದೆ.

ಅವರ ಹೆಂಡತಿ ಗೌರಕ್ಕ ಮದುವೆಯಾದ ಕೆಲವು ವರ್ಷಕ್ಕೆ ಮುಧೋಳದ ತವರಿಗೆ ಹೋದವರು ತಿರುಗಿ ಬರಲಿಲ್ಲ. ಮಕ್ಕಳಿರಲಿಲ್ಲ. "ಸಿಟ್ಟಿನ ಮನಷ್ಯಾ, ಹೊಂದಲಿಲ್ಲ," ಎಂದು ಊರು ಅದನ್ನು ಎರಡು ಮಾತಿನಲ್ಲಿ ಮುಗಿಸಿತ್ತು. ನಾನೂ ಅಷ್ಟಕ್ಕೇ ಬಿಟ್ಟಿದ್ದೆ.

ನೀಲವ್ವನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಸರಕಾರಿ ದವಾಖಾನೆಯ ಶವದ ಕೋಣೆಯಲ್ಲಿ. ಬನಹಟ್ಟಿಯ ಮಗ್ಗದ ಮಾಲೀಕ ಮುರಿಗೆಪ್ಪನ ಹೆಂಡತಿ. ಹೆಣ್ಣುಮಗಳ ಹೆಣ ಅಂತ ಪೊಲೀಸರು ಫೋಟೊಗೆ ನನ್ನನ್ನು ಕರೆಸಿದ್ದರು. ಪವರ್‌ಲೂಮಿನ ತಿರುಗುವ ಪಟ್ಟಾಕ್ಕೆ ಸೆರಗು ಸಿಕ್ಕು ಕುತ್ತಿಗೆ ಬಿಗಿಯಿತು ಎಂದು ಮುರಿಗೆಪ್ಪ ಹೇಳಿದ್ದ. ಅಂಥದ್ದು ಆಗುವುದುಂಟು, ಆದದ್ದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಸೆರಗು ಬಿಗಿದರೆ ಕುತ್ತಿಗೆಯ ಸುತ್ತ ಒಂದು ಪಟ್ಟಿ ಮೂಡಬೇಕು. ನಾನು ಕ್ಯಾಮೆರಾದಲ್ಲಿ ನೋಡಿದ್ದು ಒಂದು ಬದಿ ನಾಲ್ಕು ಬೆರಳು, ಇನ್ನೊಂದು ಬದಿ ಹೆಬ್ಬೆರಳು. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಕೆಳತುಟಿ ಹಲ್ಲಿಗೆ ಸಿಕ್ಕು ಸೀಳಿತ್ತು. ಗದ್ದದ ಕೆಳಗೆ ಹಳೆಯ ಪೆಟ್ಟಿನ ಕಲೆ ಇತ್ತು. ಮಗ್ಗಗಳು ಓಡುತ್ತಿರುವ ಮನೆಯಲ್ಲಿ ಯಾರು ಎಷ್ಟು ಕೂಗಿಕೊಂಡರೂ ಪಕ್ಕದ ಗೋಡೆಗೆ ಕೇಳುವುದಿಲ್ಲ. ಫೋಟೊ ಕೊಟ್ಟೆ, ನೋಡಿದ್ದನ್ನೂ ಹೇಳಿದೆ. ಕೊನೆಗೆ ಪೊಲೀಸರ ಕಾಗದದಲ್ಲಿ ಉಳಿದದ್ದು ಸೆರಗೇ.

ಮುಂದಿನ ವರ್ಷ ಅದೇ ಮುರಿಗೆಪ್ಪ ತನ್ನ ತಾಯಿಯನ್ನು ಕರೆದುಕೊಂಡು ನನ್ನ ಸ್ಟುಡಿಯೊಕ್ಕೆ ಬಂದ. ಅವನಿಗೆ ಎರಡನೆಯ ಮದುವೆ ಗೊತ್ತಾಗಿತ್ತು. ಶವದ ಕೋಣೆಯಲ್ಲಿ ಫೋಟೊ ತೆಗೆದವಳು ನಾನೆಂದು ಅವನಿಗೆ ತಿಳಿದಿರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮೊದಲ ಹೆಂಡತಿ ಸತ್ತು ಎರಡನೆಯವಳನ್ನು ತಂದರೆ, ಸತ್ತವಳ ಗುರುತಿನ ಪದಕವನ್ನು ಹೊಸಬಳ ಕೊರಳಿಗೆ ತಾಳಿಯ ಜೊತೆಗೇ ಕಟ್ಟುತ್ತಾರೆ. ಹಿರಿಯಳು ಎದೆಯ ಮೇಲೆ ಕೂತು ಕಾಯಲಿ, ಕಾಡದಿರಲಿ ಎಂದು. ಸಾಮಾನ್ಯವಾಗಿ ಅಕ್ಕಸಾಲಿಗರು ಬೆಳ್ಳಿಯ ತಗಡಿನಲ್ಲಿ ಒಂದು ಹೆಣ್ಣಿನ ಆಕಾರ ಒತ್ತಿ ಕೊಡುತ್ತಾರೆ. ಮುಖ ಯಾರದ್ದಾದರೂ ಆಗಬಹುದು.

"ಬೆಳ್ಳೀದು ಮಾಡಿಸೇವಿರಿ. ಬರೇ ಗೊಂಬಿ ಆಗೇತಿ, ಆಕಿ ಮಾರಿ ಇಲ್ಲ ಅದರಾಗ," ಎಂದಳು ಮುದುಕಿ. ಕಣ್ಣಿಗೆ ಪೊರೆ ಬಂದಿದ್ದರಿಂದ ನನ್ನ ಪಕ್ಕದ ಕುರ್ಚಿಗೆ ಹೇಳುತ್ತಿದ್ದಳು. "ಆಕಿ ಕನಸನ್ಯಾಗ ಬರೂದು ಬಿಡವಲ್ಲಳು. ಬಾಗಲದಾಗ ನಿಂದರ್ತಾಳ. ಏನೂ ಮಾತಾಡೂದಿಲ್ಲ."

"ಅರಮನಿಯವರು ದಂತದ ಮ್ಯಾಲ ಬರಸ್ತಿದ್ರಂತಲ್ಲ, ಹಂಗ ಬೇಕು ನಮಗ," ಎಂದ ಮುರಿಗೆಪ್ಪ, ನೀಲವ್ವನ ಮದುವೆಯ ಫೋಟೊ ಮುಂದಿಡುತ್ತ. "ನಗಾಕತ್ತಿರಬೇಕು ಆಕಿ."

ಕಾಕಾನಿಗೆ ಅವನ್ಯಾರೆಂದು ಗೊತ್ತಿರಲಿಲ್ಲ. ಫೋಟೊ ತೆಗೆದುಕೊಂಡು, ಎಲುಬಿನ ಮೇಲೆ ಬರೆದುಕೊಡುವೆನೆಂದು ಹೇಳಿ ಕಳಿಸಿದರು. ಅವರು ಹೋದ ಮೇಲೆ ನಾನು ಕಾಕಾನನ್ನು ಕೂರಿಸಿ ಎಲ್ಲ ಹೇಳಿದೆ. ಬಣ್ಣದ ಪಿಂಗಾಣಿ ಬಟ್ಟಲು ಗೋಡೆಗೆ ಬಡಿದು ಚೂರಾಯಿತು. "ಆ ನಾಯಿ ಮಗನ ಕಾಲ ಮುರೀತೇನಿ."

"ಮುರೀರಿ. ಕುಂಟಕೋತ ಬಂದು ತಾಳಿ ಕಟ್ಟತಾನ."

ಕಾಕಾ ಚೂರುಗಳನ್ನು ಕಾಲಿನಿಂದ ಮೂಲೆಗೆ ಸರಿಸಿದರು. ಆಮೇಲೆ ಕೇಳಿದರು, "ಹೊಸಾಕಿ ಎಲ್ಲಿಯಾಕಿ?"

"ಬೀಳಗಿ ಕಡೆ, ಹೊಳಿ ದಂಡಿ ಊರು, ಅನಗವಾಡಿ. ಭಾಗ್ಯಾ ಅಂತ."

ಅವಳ ಮನೆಯ ನಂಬರು ಹೇಗೋ ಸಿಕ್ಕಿತು. ನಾನೇ ಫೋನು ಮಾಡಿ ಅವಳ ಅಪ್ಪನಿಗೆ ಹೇಳಿದೆ. "ಪೊಲೀಸರ ಬರದು ಕೊಟ್ಟಾರ, ನಡಕ ನೀ ಯಾರವ್ವಾ?" ಎಂದು ಇಟ್ಟುಬಿಟ್ಟರು. ಅವರನ್ನು ದೂರುವುದು ಕಷ್ಟ. ಮದುವೆ ಮುರಿಯಲು ಫೋನು ಮಾಡುವವರು ಎಲ್ಲ ಊರಲ್ಲೂ ಇರುತ್ತಾರೆ. ಕಾಕಾ ಇದನ್ನು ಕೇಳಿ, "ಮಾತು ಕೇಳಿ ಯಾರೂ ನಂಬೂದಿಲ್ಲ ಬೇ. ನೋಡಬೇಕು. ಆ ಫೋಟೊ ಐತೇನ ನಿನ್ನ ಹಂತ್ಯಾಕ?" ಎಂದರು.

ಕಂಪ್ಯೂಟರಿನಲ್ಲಿ ಇತ್ತು. ಅವರು ಬಹಳ ಹೊತ್ತು ನೋಡಿದರು. ಮುಖವನ್ನು ದೊಡ್ಡದು ಮಾಡಿಸಿ, ಮತ್ತೆ ಸಣ್ಣದು ಮಾಡಿಸಿ ನೋಡಿದರು. ಒಳಗೆ ಹೋಗಿ ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಒಂದೇ ಬಿಲ್ಲೆ ಉಳಿದಿತ್ತು.

"ಎಲುಬು ಬ್ಯಾಡ. ಎಲುಬಿನ್ಯಾಗ ಬೆಳಕ ಹಾಯೂದಿಲ್ಲ."

ದಂತದಲ್ಲಿ ಬೆಳಕು ಹಾಯುತ್ತದೆ. ಹಳೆಯ ಚಿತ್ರಕಾರರು ಇದನ್ನು ತಿಳಿದೇ ಕೆನ್ನೆಯ ಹಿಂಬದಿಗೆ ಒಂಚೂರು ಗುಲಾಬಿ ಹಚ್ಚುತ್ತಿದ್ದರಂತೆ. ಮುಂದಿನಿಂದ ನೋಡಿದರೆ ರಕ್ತ ಒಳಗಿಂದಲೇ ಆಡುತ್ತಿರುವ ಹಾಗೆ ಕಾಣಲೆಂದು. ಅರಮನೆಯ ರಾಣಿಯರ ಕೆನ್ನೆಗೆ ಅಜ್ಜ ಮಾಡಿದ್ದನ್ನು ಕಾಕಾ ನೀಲವ್ವನ ಕಣ್ಣಿಗೆ ಮಾಡಿದರು. ಮುಂಬದಿಯಲ್ಲಿ ಮದುವೆಯ ದಿನದ ನೀಲವ್ವ, ಹಣೆಗೆ ದಂಡೆ ಕಟ್ಟಿಕೊಂಡು, ನಗುವನ್ನು ತಡೆಯಲಾರದೆ ತಡೆದವಳು. ಹಿಂಬದಿಯಲ್ಲಿ ಶವದ ಕೋಣೆಯ ನೀಲವ್ವ. ಅದರ ಮೇಲೆ ದಂತದ ಬಣ್ಣದ್ದೇ ತೆಳು ಕಾಗದ ಅಂಟಿಸಿದರು. ಎರಡು ಕಡೆಗೂ ಗಾಜು ಹಾಕಿ, ಬೆನ್ನು ತೆರೆದ ಬೆಳ್ಳಿಯ ಕಟ್ಟು ಹಾಕಿಸಿದರು.

ಮುಗಿದ ದಿನ ನನ್ನನ್ನು ಕರೆದು ಅಂಗೈಯಲ್ಲಿ ಇಟ್ಟರು. ಎಂಥ ಚಂದದ ಹುಡುಗಿ ಎಂದುಕೊಂಡೆ. "ಈಗ ಕಿಡಕ್ಯಾಗ ಹಿಡಿ," ಎಂದರು. ಹಿಡಿದೆ. ನಗುತ್ತಿದ್ದ ಹುಡುಗಿಯ ಎಡಗಣ್ಣು ನನ್ನ ಕಣ್ಣೆದುರೇ ಕಪ್ಪಾಗಿ ಊದಿತು. ತುಟಿ ಸೀಳಿತು. ಕುತ್ತಿಗೆಯ ಎರಡೂ ಬದಿ ಬೆರಳುಗಳು ಎದ್ದವು. ಗದ್ದದ ಕೆಳಗೆ ನಡುವೆ ನೇರಳೆ, ಅಂಚಿಗೆ ಹಸಿರು, ಅದರಾಚೆ ಕೊಳೆತ ನಿಂಬೆಹಣ್ಣಿನ ಹಳದಿ. ಕೈ ಕೆಳಗಿಳಿಸಿದರೆ ಮತ್ತೆ ನಗುತ್ತಿದ್ದಳು. ನಾನು ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಬಿಸಿಲಲ್ಲಿ ನಿಂತೆ. ಹಿಂತಿರುಗಿ ಬಂದಾಗ ಕಾಕಾ ಕುಂಚ ತೊಳೆಯುತ್ತಿದ್ದರು.

ಪದಕ ಒಯ್ಯಲು ಬಂದ ಮುದುಕಿಗೆ ಕಾಕಾ ಕೈ ಹಿಡಿದು ಬುದ್ಧಿ ಹೇಳಿದರು. "ದಿನಾ ಮುಂಜಾನಿ ಹೊಸಾಕಿ ಜಳಕಾ ಮಾಡಿ, ಒಬ್ಬಾಕಿನ ಮಾಳಿಗಿ ಮ್ಯಾಲ ಹೋಗಿ, ಇದನ್ನ ಹುಟ್ಟೂ ಸೂರ್ಯಾಗ ಹಿಡದು ನೋಡಿ, ಆಮ್ಯಾಲ ಕಟ್ಕೋಬೇಕು. ತಪ್ಪಿದ್ರ ನನ್ನ ಕೇಳಬ್ಯಾಡ್ರಿ ಮತ್ತ." ಮುದುಕಿ ಪದಕವನ್ನು ಕಣ್ಣಿಗೊತ್ತಿಕೊಂಡಳು. ಮುರಿಗೆಪ್ಪ ಪಾಕೀಟು ತೆಗೆದಾಗ, ದಂತಕ್ಕೆ ರೊಕ್ಕ ತೆಗೆದುಕೊಂಡರೆ ಗುನ್ನೆಯಾಗುತ್ತದೆ ಎಂದು ಕಾಕಾ ಅವನನ್ನು ಬಾಗಿಲಿಗೆ ದಾಟಿಸಿದರು. ಅವನನ್ನು ಹೊಡೆಯದೆ ಕಳಿಸಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಆ ಸಂಜೆಯೆಲ್ಲ ಕೋಣೆಯಲ್ಲಿ ಏನೇನೋ ಒಡೆಯುವ ಸದ್ದು ಕೇಳುತ್ತಿತ್ತು.

ಮದುವೆಯಾಯಿತು. ನನಗೆ ದಿನಾ ಬೆಳಗಾದರೆ ಅದೇ ಯೋಚನೆ. ಆ ಹುಡುಗಿ ನೋಡಿದಳೋ ಇಲ್ಲವೋ. ನೋಡಿ ಕಿರುಚಿದರೆ ಏನು ಗತಿ. ಮಗ್ಗದ ಮನೆಯಲ್ಲಿ ಕಿರುಚಿದರೆ ಕೇಳುವವರು ಯಾರು.

ಒಂದು ಮಧ್ಯಾಹ್ನ ಗಂಡ ಹೆಂಡತಿ ಜೋಡಿ ಫೋಟೊಗೆ ಬಂದರು. ಮುರಿಗೆಪ್ಪನಿಗೆ ಫೋನು ಬಂದು ರಸ್ತೆಯ ಆಚೆ ನಿಂತು ನೂಲಿನ ವ್ಯಾಪಾರ ಮಾತಾಡತೊಡಗಿದ. ಭಾಗ್ಯಾ ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದವಳು, ಅವನ ಬೆನ್ನು ಆ ಕಡೆ ತಿರುಗುತ್ತಲೇ ಪದಕ ಬಿಚ್ಚಿ ಕೈಯಲ್ಲಿ ಹಿಡಿದಳು. "ಇದನ್ನ ಬರದವರು ಯಾರ್ರಿ ಅಕ್ಕಾ?"

ಕಾಕಾ ಕೋಣೆಯ ಬಾಗಿಲಿಗೆ ಬಂದರು. "ನಾನ."

"ಮದಲನೇ ದಿನ ಹೊಲಸ ಹತ್ತೇತಿ ಅಂದ್ಕೊಂಡ್ನಿರಿ. ವರಸಿದೆ. ಹೋಗಲಿಲ್ಲ. ದಿನಾ ನೋಡೇನಿ." ಪದಕವನ್ನು ಬಾಗಿಲ ಬೆಳಕಿಗೆ ಹಿಡಿದಳು. "ಇದು ಖರೇನ್ರಿ?"

"ಖರೆ ಐತಿ ಯವ್ವಾ."

ನಾನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದೆ. ಫೋಟೊ ನೋಡಿದಳು. ಅಳಲಿಲ್ಲ. ಬಳೆ ಮೇಲಕ್ಕೆ ಸರಿಸಿ, ಕುಪ್ಪಸದ ತೋಳು ಎತ್ತಿ ತೋರಿಸಿದಳು. ನಾಲ್ಕು ಬೆರಳು, ಒಂದು ಹೆಬ್ಬೆರಳು. ಪದಕವನ್ನು ನನ್ನ ಮೇಜಿನ ಮೇಲೆ ಇಟ್ಟಳು. "ಹಿತ್ತಲಕ ಬಾಗಲಾ ಐತೇನ್ರಿ?"

ಹಿತ್ತಲ ಓಣಿಯಿಂದ ಬಸ್ ನಿಲ್ದಾಣ ಹತ್ತಿರ. ಬೀಳಗಿಯ ಬಸ್ಸು ಹೊರಡುವ ಹೊತ್ತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಮುರಿಗೆಪ್ಪ ಒಳಗೆ ಬಂದು ಅವಳೆಲ್ಲಿ ಎಂದ. ಮುಖ ತೊಳೆಯಲು ಮೋರಿಗೆ ಹೋಗಿದ್ದಾಳೆ ಎಂದೆ. ಅವನು ಮೇಜಿನ ಮೇಲಿನ ಪದಕ ನೋಡಿದ, ಪರದೆ ನೋಡಿದ. ಹಿತ್ತಲ ಕಡೆ ನುಗ್ಗಿದ. ಹಿಂಬಾಗಿಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಕಾಕಾ ಇಸ್ತ್ರಿ ಹಿಡಿದು ನಿಂತಿದ್ದರು. ಹಣೆಗೆ ಬಿದ್ದ ಪೆಟ್ಟಿಗೆ ರಕ್ತ ಅವನ ಕಣ್ಣಿಗೆ ಇಳಿಯಿತು. ಅವನು ಕಾಕಾನನ್ನು ಗೋಡೆಗೆ ಚಚ್ಚಿ, ಹಿತ್ತಲು ಬಿಟ್ಟು ಮುಂದಿನ ಬಾಗಿಲಿಗೆ ತಿರುಗಿದ. ಅಲ್ಲಿ ಅವನ ಮೋಟರ್‌ಸೈಕಲ್ ಇತ್ತು. ಬಸ್ಸನ್ನು ಹಿಡಿಯುವುದು ಅವನಿಗೆ ಕಷ್ಟವಿರಲಿಲ್ಲ.

ಆ ವಯಸ್ಸಿನಲ್ಲಿ ಕಾಕಾ ಹೇಗೆ ಓಡಿದರೋ. ಅವನಿಗಿಂತ ಮೊದಲು ಬಾಗಿಲು ಮುಟ್ಟಿ ಶಟರ್ ಎಳೆದುಬಿಟ್ಟರು. ಒಳಗೆ ನಾವು ಮೂವರೇ. ಕಾಕಾ ನೆಲದ ಮೇಲೆ ಬಿದ್ದು, ಶಟರಿನ ಕೆಳಗಿನ ಪಟ್ಟಿಯನ್ನು ಬಲಗೈ ಬೆರಳುಗಳನ್ನು ಅಡಿಗೆ ಸಿಕ್ಕಿಸಿ ಹೊಸ್ತಿಲಿಗೆ ಜಗ್ಗಿ ಹಿಡಿದಿದ್ದರು. ಮುರಿಗೆಪ್ಪ ಒದ್ದ. ಬಿಡಲಿಲ್ಲ. ಶಟರನ್ನು ಮೊಣಕಾಲೆತ್ತರ ಎತ್ತಿ ಆ ಕೈಯ ಮೇಲೆ ಬಿಟ್ಟ. ಬಿಡಲಿಲ್ಲ. ಮತ್ತೆ ಎತ್ತಿ, ಮೇಲೆ ತಾನೇ ಹತ್ತಿ ನಿಂತು ತುಳಿದ. ಕಬ್ಬು ಗಾಣಕ್ಕೆ ಸಿಕ್ಕ ಹಾಗೆ ಒಂದು ಸದ್ದಾಯಿತು. ಕಾಕಾ ಚೀರುತ್ತಿದ್ದರು, ಬೈಯುತ್ತಿದ್ದರು, ಕೈ ಮಾತ್ರ ಅಲ್ಲೇ ಇತ್ತು. ನಾನು ಜೀವನದಲ್ಲಿ ಒಂದು ನಾಯಿಯನ್ನೂ ಹೊಡೆದವಳಲ್ಲ. ಟ್ರೈಪಾಡು ಮಡಚಿ ಎರಡೂ ಕೈಯಲ್ಲಿ ಹಿಡಿದು ಮುರಿಗೆಪ್ಪನ ಮೊಣಕಾಲಿಗೆ ಹೊಡೆದೆ, ಬಿದ್ದ ಮೇಲೂ ಹೊಡೆದೆ. ಹೊಡೆಯುವುದು ಹಿತವಾಗಿತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ. ಅಂಗಡಿಯವರು ಹೊರಗಿನಿಂದ ಶಟರ್ ಎತ್ತಿ ಅವನನ್ನು ಹಿಡಿದುಕೊಳ್ಳುವ ಹೊತ್ತಿಗೆ ಬಸ್ಸು ಊರು ದಾಟಿತ್ತು.

ಅನಗವಾಡಿಯಿಂದ ಭಾಗ್ಯಾ ದೂರು ಕೊಟ್ಟಳು. ನನ್ನ ಜೊತೆ ಫೋನಿನಲ್ಲಿ ಸಿಡುಕಿದ್ದ ಅದೇ ಅಪ್ಪ ಪಕ್ಕದಲ್ಲಿ ನಿಂತಿದ್ದರು. ನನ್ನ ಫೋಟೊಗಳೂ ಪದಕವೂ ಪೊಲೀಸರಿಗೆ ಹೋದವು. ನೀಲವ್ವನ ಕೇಸನ್ನೂ ಮತ್ತೆ ತೆಗೆದಿದ್ದಾರೆ. ಇನ್ನೂ ನಡೆದಿದೆ.

ಕಾಕಾನ ಬಲಗೈಯ ಬೆರಳುಗಳಲ್ಲಿ ಡಾಕ್ಟರಿಗೆ ಉಳಿಸಲಾದದ್ದು ಕಿರುಬೆರಳು ಮಾತ್ರ. ಊರು ಅವರನ್ನು ನೋಡಲು ಸಾಲುಗಟ್ಟಿತು. ಹಲ್ಲು ಕಳೆದುಕೊಂಡ ತಿಮ್ಮಾಪುರದ ಗೌಡರೂ ಬಂದರು. ಹುಲಿ ಎಂದರು, ದೇವರಂಥವರು ಎಂದರು. ಕಾಕಾನಿಗೆ ಅದು ಇಷ್ಟವಾಯಿತು. ಬ್ಯಾಂಡೇಜಿನ ಕೈ ಎತ್ತಿ ಹಿಡಿದು, ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತಿದ್ದರು. ಹೇಳಿದಷ್ಟೂ ಅದರಲ್ಲಿ ಮುರಿಗೆಪ್ಪನ ಎತ್ತರ ಬೆಳೆಯುತ್ತಿತ್ತು.

ಭಾಗ್ಯಾ ಬಂದದ್ದು ಅಂಥ ಒಂದು ದಿನ. ಅವಳ ತಾಯಿ ಬಡಿದುಕೊಟ್ಟ ಸಜ್ಜೆ ರೊಟ್ಟಿ, ಹೆಸರುಕಾಳು ಪಲ್ಯೆ ಕಟ್ಟಿಕೊಂಡು ಬಂದಿದ್ದಳು. ಕಾಕಾನ ಮಂಚದ ಪಕ್ಕ ಕೂತು, ರೊಟ್ಟಿ ಮುರಿದು ಪಲ್ಯೆಯಲ್ಲಿ ಅದ್ದಿ ಬಾಯಿಗೆ ಕೊಡುತ್ತಿದ್ದಳು. ಅಷ್ಟು ಪ್ರೀತಿಯಿಂದ ಕಾಕಾನಿಗೆ ಯಾರಾದರೂ ಉಣ್ಣಿಸಿದ್ದನ್ನು ನಾನು ನೋಡಿರಲಿಲ್ಲ. ಕಾಕಾ ಕಥೆ ಶುರು ಮಾಡಿದರು. ಅವಳು ತಲೆಯಾಡಿಸುತ್ತ ಕೇಳಿದಳು.

"ಕಾಕಾರ, ಒಂದ ಮಾತು ಕೇಳ್ಲೇನ್ರಿ?" ಎಂದಳು ನಡುವೆ. "ಗದ್ದದ ಕೆಳಗ ಹಳದಿ ಹಚ್ಚಿದ್ರಲ್ಲ, ಅಂಚಿಗೆ ಹಸರು ಕಲಿಸಿ. ಅಕ್ಕ ತಗದ ಫೋಟೋದಾಗ ಅದು ಹಂಗ ಕಾಣೂದಿಲ್ಲ. ಬರೇ ಕಪ್ಪ ಕಲಿ ಕಾಣತೈತಿ. ಹಳೇ ಪೆಟ್ಟು ಆ ಬಣ್ಣಕ್ಕ ಬರ್ತೈತಿ ಅಂತ ನನಗ ಗೊತ್ತೈತಿ, ನನ್ನ ರಟ್ಟಿ ಮ್ಯಾಲ ನೋಡೇನಿ. ನಿಮಗ ಹೆಂಗ ಗೊತ್ತಿತ್ರಿ?"

ಕಾಕಾ ಅಗಿಯುವುದನ್ನು ನಿಲ್ಲಿಸಿದರು. ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇಷ್ಟು ವರ್ಷ ಬಣ್ಣ ಕಲೆಸಿದವರು, ನಂಬುತ್ತಿದ್ದಳು.

"ಗೌರಿ ಮಾರಿ ಮ್ಯಾಲ ನೋಡೇನಿ," ಎಂದರು. "ನನ್ನ ಹೇಣ್ತಿ. ನಾನ ಮಾಡಿದ್ದು."

ಭಾಗ್ಯಾಳ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು. ಎದ್ದು ಹೋಗಿ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಬಂದು ಮಂಚದ ಕಾಲ ಬಳಿ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕಾಗಿತ್ತು ಅಷ್ಟೇ.

"ಆಕಿಗೆ ಯಾರರೆ ಬರದು ತೋರಿಸಿದ್ರೇನ್ರಿ?"

ಉಳಿದ ರೊಟ್ಟಿಗೆ ಅರಿವೆ ಮುಚ್ಚಿಟ್ಟು ಅವಳು ಹೋದಳು. ಮತ್ತೆ ಬರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಕಾಕಾನ ಮೇಲೆ ಬಂತು. ಅದಕ್ಕಿಂತ ಹೆಚ್ಚು ನಮ್ಮ ಚಹಾದ ಅಂಗಡಿಯ ನಗುವಿನ ಮೇಲೆ ಬಂತು. ಆದರೂ ಆ ರೊಟ್ಟಿಯನ್ನು ಕಾಕಾನಿಗೆ ನಾನೇ ಉಣ್ಣಿಸಿದೆ. ಹಸಿದಿದ್ದರು, ಮತ್ತು ಅವರು ನನ್ನ ಕಾಕಾ.

ಅಂದಿನಿಂದ ಬಂದವರಿಗೆ ಕಥೆ ಹೇಳುವುದು ನಿಂತಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಜ್ವರ ಏರತೊಡಗಿತು. ಒಂದು ಬೆಳಗ್ಗೆ ನನ್ನನ್ನು ಕರೆದು, "ಮುಧೋಳಕ್ಕ ಹೋಗಿ ಬಾ ಬೇ," ಎಂದರು. "ಗೌರೀನ್ನ ಕರ್ಕೊಂಡ ಬಾ. ಕೈ ಹೋತು ಅಂತ ಹೇಳು. ಇನ್ನ ಬಡಿಯಾಕ ಬರೂದಿಲ್ಲ ಅಂತ ಹೇಳು."

ಹೋದೆ. ಗೌರಕ್ಕ ಅಣ್ಣನ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಸಣ್ಣ ಮೈಯ, ಶಾಂತ ಮುಖದ ಹೆಂಗಸು. ನೀರು ಕೊಟ್ಟರು, ಕೂರಿಸಿದರು. ಭಾಗ್ಯಾಳ ವಿಷಯ, ಶಟರಿನ ವಿಷಯ ಎಲ್ಲ ಹೇಳಿದೆ. ಆ ಹುಡುಗಿ ಉಳಿದಳೇ ಎಂದು ಕೇಳಿದರು. ಉಳಿದಳು ಎಂದೆ. "ಛಲೋ ಆತು," ಎಂದರು. ಆಮೇಲೆ ಕಾಕಾ ಹೇಳಿ ಕಳಿಸಿದ ಮಾತನ್ನು ಹಾಗೆಯೇ ಹೇಳಿದೆ.

"ಯಾವ ಕೈ?"

"ಬಲಗೈರಿ."

ಗೌರಕ್ಕ ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ಬಲಗೈಲೆ ಎಂದೂ ಬಡದಿಲ್ಲವಾ ಅಂವ. ಅದು ಬರಿಯೂ ಕೈ, ಭಾಳ ಜ್ವಾಕಿ ಮಾಡ್ತಿದ್ದ. ಬಡೀತಿದ್ದದ್ದು ಎಡಗೈಲೆ." ಇನ್ನೊಂದು ಕಲ್ಲು ಹುಡುಕುತ್ತ ಕೇಳಿದರು, "ಎಡಗೈ ಹೆಂಗೈತಿ?"

ಸುಳ್ಳು ಹೇಳಲಾಗಲಿಲ್ಲ. "ಛಲೋ ಐತ್ರಿ."

"ಹಂಗಾದ್ರ ನಾ ಬರೂದಿಲ್ಲ," ಎಂದರು.

ಜಮಖಂಡಿಗೆ ಬಂದು ಕಾಕಾನಿಗೆ ಎಲ್ಲವನ್ನೂ ಹೇಳಿದೆ, ಕೇಳಿದ ಪ್ರಶ್ನೆಯನ್ನೂ. ಅವರು ಚಾದರದ ಮೇಲಿದ್ದ ಎಡಗೈಯನ್ನು ಒಳಗೆ ಸೇರಿಸಿಕೊಂಡು ಗೋಡೆಯ ಕಡೆ ಹೊರಳಿದರು. ಆ ವಾರವೇ ಹೋದರು. ಮಣ್ಣಿಗೆ ಊರೆಲ್ಲ ಬಂದಿತ್ತು. ಮುಧೋಳದಿಂದ ಯಾರೂ ಬಂದಿರಲಿಲ್ಲ.